ಒಂದು ಚಮಚ ಹೊಸ ಅಕ್ಕಿ

ಸೆಪ್ಟೆಂಬರ್ 8, ಹೊಸ ತೆನೆಯ ಮೊಂತಿ ಹಬ್ಬ. ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯ ಕಾಳುಗಳನ್ನು ಉಗುರಿನಿಂದ ಸುಲಿದು, ಅರೆದು, ತೆಂಗಿನ ಹಾಲಿಗೆ ಬೆರೆಸಿದೆ. ಪ್ರತಿವರ್ಷ ಅದು ಅಮ್ಮನ ಕೆಲಸ. ಈ ಸಲ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ವಾರಕ್ಕೆ 3 ಸಲ, ಒಂದೊಂದು ಸಲಕ್ಕೆ 4 ಗಂಟೆ ಡಯಾಲಿಸಿಸ್. ಕುಡಿಯುವ ನೀರಿಗೂ ಲೆಕ್ಕ. ಹಾಗಾಗಿ ಅವಳ ಪಾಲಿಗೆ ಬಂದದ್ದು ಒಂದೇ ಚಮಚ. ಶಿಲುಬೆಯ ಗುರುತು ಹಾಕಿ, ಕಣ್ಣು ಮುಚ್ಚಿ, ನಿಧಾನಕ್ಕೆ ನುಂಗಿದಳು.

ಪರಮ ಪ್ರಸಾದಕ್ಕೆ ಯೂಕರಿಸ್ಟ್ ಅನ್ನುತ್ತೇವಲ್ಲ, ಅದು ಗ್ರೀಕ್ ಪದ, ಅರ್ಥ ಕೃತಜ್ಞತೆ. ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಆದರೆ ಮರುದಿನ ಶಿಲುಬೆ ಕಾದಿದ್ದ ಆ ರಾತ್ರಿ ಯೇಸುಸ್ವಾಮಿ ರೊಟ್ಟಿ ಕೈಗೆತ್ತಿಕೊಂಡು ಮೊದಲು ಸ್ತೋತ್ರ ಸಲ್ಲಿಸಿದರು, ಆಮೇಲೆ ಮುರಿದರು. ಆ ಕ್ರಮ ನನ್ನ ಕಣ್ಣಿಗೆ ಬಿದ್ದದ್ದು ಈ ವರ್ಷವೇ.

ಕಾಯಿಲೆಗಾಗಿ ಸ್ತೋತ್ರ ಹೇಳಲು ನನ್ನಿಂದಾಗದು. ದೇವರು ಅದನ್ನು ಬಯಸುತ್ತಾನೆ ಅಂತಲೂ ಅನಿಸುವುದಿಲ್ಲ. ರಾತ್ರಿ ಮಲಗುವ ಮುಂಚೆ ಅಮ್ಮನ ಎಡಗೈಯಲ್ಲಿ ಡಯಾಲಿಸಿಸ್‌ಗಾಗಿ ಮಾಡಿದ ಫಿಸ್ಟುಲಾ ಮೇಲೆ ಬೆರಳಿಡುತ್ತೇನೆ. ಚರ್ಮದ ಕೆಳಗೆ ರಕ್ತ ಜುಮ್ಮೆಂದು ಹರಿಯುತ್ತಿರುತ್ತದೆ.

"ಇದೆಯಾ?" ಅನ್ನುತ್ತಾಳೆ.

"ಇದೆ ಅಮ್ಮ."

"ದೇವರಿಗೆ ಸ್ತೋತ್ರ" ಅಂದು ದೀಪ ಆರಿಸಲು ಹೇಳುತ್ತಾಳೆ.