ಕೆಳಗಿನ ಮೆಟ್ಟಿಲಿನ ಹುಡುಗರು

ಗೆದ್ದವನ ಸುತ್ತ ನೂರು ಜನ. ಸೋತವನಿಗೆ ಅವನ ನೆರಳೇ ಸಂಗಾತಿ. ಲೋಕದ ಈ ರೀತಿ ಆಟದ ಅಂಗಳದಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಲ್ಲಿಯೂ ಕಾಣದು. ಮೊದಲನೆಯ ಸ್ಥಾನ ಯಾರದೆಂಬುದನ್ನು ಪತ್ರಿಕೆಗಳು ದಪ್ಪಕ್ಷರಗಳಲ್ಲಿ ಅಚ್ಚು ಹಾಕುತ್ತವೆ. ಎರಡನೆಯವನ ಹೆಸರು ಸಣ್ಣಕ್ಷರಕ್ಕೆ ಇಳಿಯುತ್ತದೆ. ಮೂವತ್ತನೆಯವನು ಏನಾದನೆಂದು ಕೇಳುವವರೇ ಇಲ್ಲ. ಆದರೂ ಆ ಮೂವತ್ತನೆಯವನು ಆಡುವುದನ್ನು ಬಿಟ್ಟಿಲ್ಲ. ಏತಕ್ಕಾಗಿ ಆಡುತ್ತಾನೆ? ಉತ್ತರ ಬೇಕಾದವರು ಬಾಲಕರ ಐಸ್ ಹಾಕಿಯ ವಿಶ್ವ ಪಂದ್ಯಾವಳಿಗಳತ್ತ, ಅವುಗಳಲ್ಲಿಯೂ ತೀರ ಕೆಳಗಿನ ಮೆಟ್ಟಿಲುಗಳತ್ತ, ಒಮ್ಮೆ ಕಣ್ಣು ಹಾಯಿಸಬೇಕು.

ಕನ್ನಡಿಗರಿಗೆ ಹಾಕಿ ಎಂದೊಡನೆ ನೆನಪಾಗುವುದು ಹಸಿರು ಬಯಲು, ಕೊಡಗಿನ ಮನೆತನಗಳು ತಮ್ಮತಮ್ಮಲ್ಲಿ ಆಡುವ ಪಂದ್ಯಗಳ ಸಡಗರ. ಶೀತದೇಶಗಳಲ್ಲಿ ಅದೇ ಹೆಸರಿನ ಬೇರೊಂದು ಆಟವಿದೆ. ಸುಮಾರು 60 ಮೀಟರ್ ಉದ್ದದ ಮಂಜುಗಡ್ಡೆಯ ಅಂಕಣ. ಬೂಟಿನ ಅಡಿಯಲ್ಲಿ ಉಕ್ಕಿನ ಅಲಗು. ಚೆಂಡಿಗೆ ಬದಲಾಗಿ ಒಂದಂಗುಲ ದಪ್ಪದ, ಮೂರಂಗುಲ ಅಗಲದ ಕರಿಯ ರಬ್ಬರಿನ ಬಿಲ್ಲೆ. ಅದಕ್ಕೆ ಪಕ್ ಎಂದು ಹೆಸರು. ಪ್ರತಿ ಪಕ್ಷದಲ್ಲಿ ಐವರು ಆಟಗಾರರು, ಒಬ್ಬ ಗೋಲ್‌ಕೀಪರ್. ಆಟ 20 ನಿಮಿಷಗಳ ಮೂರು ಅವಧಿಗಳದು. ಅದರ ರಭಸ ಎಷ್ಟೆಂದರೆ, ಒಂದು ನಿಮಿಷ ತುಂಬುವ ಮೊದಲೇ ಆಟಗಾರ ಏದುಸಿರು ಬಿಡುತ್ತ ಬೆಂಚಿಗೆ ಮರಳುತ್ತಾನೆ. ಅವನ ಜಾಗಕ್ಕೆ ಇನ್ನೊಬ್ಬ ಇಳಿಯುತ್ತಾನೆ. ಗೋಲ್‌ಕೀಪರನಿಗೆ ಮಾತ್ರ ಆ ಬಿಡುವಿಲ್ಲ. ಬಂದದ್ದನ್ನೆಲ್ಲ ಎದುರಿಸಿ ಅವನು ಅಲ್ಲಿಯೇ ನಿಲ್ಲಬೇಕು.

ಅಂತರರಾಷ್ಟ್ರೀಯ ಐಸ್ ಹಾಕಿ ಸಂಸ್ಥೆ ಬಾಲಕರಿಗಾಗಿ ಎರಡು ವಿಶ್ವ ಪಂದ್ಯಾವಳಿಗಳನ್ನು ನಡೆಸುತ್ತದೆ. ಇಪ್ಪತ್ತರ ಒಳಗಿನವರದು 1977ರಿಂದಲೂ, ಹದಿನೆಂಟರ ಒಳಗಿನವರದು 1999ರಿಂದಲೂ ನಡೆದು ಬಂದಿದೆ. ಕೆನಡ, ಸ್ವೀಡನ್, ಫಿನ್ಲೆಂಡ್, ಅಮೆರಿಕ ಮೊದಲಾದ ಹತ್ತು ರಾಷ್ಟ್ರಗಳು ಮೇಲಿನ ಅಂತಸ್ತಿನಲ್ಲಿ ಆಡುತ್ತವೆ. ಅದರ ಕೆಳಗೆ ಒಂದು, ಎರಡು, ಮೂರು ಎಂಬ ಡಿವಿಷನ್‌ಗಳು. ಪ್ರತಿಯೊಂದರಲ್ಲಿ ಬಹುಮಟ್ಟಿಗೆ ‘ಎ’ ಮತ್ತು ‘ಬಿ’ ಎಂಬ ಗುಂಪುಗಳು. ಸಾಮಾನ್ಯವಾಗಿ ಒಂದು ಗುಂಪಿನಲ್ಲಿ ಆರು ತಂಡಗಳು. ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳೊಡನೆ ಒಮ್ಮೆ ಆಡುತ್ತದೆ. ಮೊದಲು ಬಂದವರಿಗೆ ಬಡ್ತಿ, ಕೊನೆಗೆ ಬಂದವರಿಗೆ ಹಿಂಬಡ್ತಿ. ಕಚೇರಿಗೆ ಹೋಗುವವರಿಗೆ ಈ ಎರಡು ಮಾತುಗಳ ರುಚಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ಡಿವಿಷನ್ನಿನ ಲೋಕವೇ ಬೇರೆ. ಮೆಕ್ಸಿಕೊ, ದಕ್ಷಿಣ ಆಫ್ರಿಕ, ತುರ್ಕಿ, ಬಲ್ಗೇರಿಯ, ನ್ಯೂಜಿಲೆಂಡ್, ತೈವಾನ್, ಹಾಂಗ್‌ಕಾಂಗ್—ಇಂಥ ನಾಡುಗಳ ಹುಡುಗರು ಅಲ್ಲಿ ಸೇರಿದ್ದಾರೆ. 2015ರಲ್ಲಿಯೂ 2017ರಲ್ಲಿಯೂ ಇಪ್ಪತ್ತರ ಒಳಗಿನವರ ಮೂರನೆಯ ಡಿವಿಷನ್ ಪಂದ್ಯಗಳು ನ್ಯೂಜಿಲೆಂಡಿನ ಡ್ಯೂನಿಡಿನ್ ನಗರದಲ್ಲಿ ಜನವರಿ ತಿಂಗಳಿನಲ್ಲಿ ನಡೆದವು. ದಕ್ಷಿಣಾರ್ಧಗೋಲದಲ್ಲಿ ಜನವರಿ ಎಂದರೆ ನಡುಬೇಸಗೆ. ಹೊರಗೆ ಬಿಸಿಲು, ಒಳಗೆ ಯಂತ್ರ ಹೆಪ್ಪುಗಟ್ಟಿಸಿದ ಹಿಮ! 2016ರಲ್ಲಿ ಅದೇ ಪಂದ್ಯಾವಳಿ ಸಮುದ್ರಮಟ್ಟಕ್ಕಿಂತ 2,240 ಮೀಟರ್ ಎತ್ತರದಲ್ಲಿರುವ ಮೆಕ್ಸಿಕೊ ನಗರಕ್ಕೆ ಹೋಯಿತು. ಅಲ್ಲಿ ತೆಳುಗಾಳಿಯೂ ಒಬ್ಬ ಎದುರಾಳಿಯೇ. ಹಾಂಗ್‌ಕಾಂಗಿನಲ್ಲಿ ಹಿಮದ ಅಂಕಣಗಳಿರುವುದು ದೊಡ್ಡ ಅಂಗಡಿ ಸಂಕೀರ್ಣಗಳ ಒಳಗೆ. ಇನ್ನು ಖರ್ಚಿನ ಮಾತು. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಂಥ ದೇಶಗಳಲ್ಲಿ ರಾಷ್ಟ್ರದ ಹೆಸರು ಎದೆಯ ಮೇಲಿದ್ದರೂ ಪ್ರಯಾಣದ ಹಣವನ್ನು ಬಹಳವಾಗಿ ತೆರುವವರು ಹುಡುಗರ ತಂದೆತಾಯಂದಿರು. ಮಗನಿಗಾಗಿ ವರ್ಷವೆಲ್ಲ ಕೂಡಿಟ್ಟು, ಭೂಮಿಯ ಅರ್ಧ ಸುತ್ತು ಕಳುಹಿಸಿ, ಕೊನೆಗೆ ಕೇಳುವ ಸುದ್ದಿ ಐದು ಸೋಲುಗಳದೂ ಆಗಬಹುದು.

ಸೋಲಿನಲ್ಲಿಯೂ ಎಂಥೆಂಥ ಸೋಲುಗಳು! 1998ರಲ್ಲಿ ಚೀನದ ಹಾರ್ಬಿನ್ ನಗರದಲ್ಲಿ ಏಷ್ಯ ಮತ್ತು ಓಷಿಯಾನಿಯದ ಹದಿನೆಂಟರ ಒಳಗಿನ ಬಾಲಕರ ಪಂದ್ಯಾವಳಿ ನಡೆಯಿತು. ಅದರಲ್ಲಿ ದಕ್ಷಿಣ ಕೊರಿಯ ಥಾಯ್ಲೆಂಡನ್ನು ಸೋಲಿಸಿದ್ದು 92–0 ಗೋಲುಗಳಿಂದ. ಸೋಂಗ್ ಡಾಂಗ್-ಹ್ವಾನ್ ಎಂಬ ಕೊರಿಯದ ಹುಡುಗನೊಬ್ಬನೇ 31 ಗೋಲು ಹೊಡೆದು ವಿಶ್ವದಾಖಲೆ ಬರೆದ. 60 ನಿಮಿಷಗಳ ಆಟದಲ್ಲಿ 92 ಗೋಲು ಎಂದರೆ, ಸರಾಸರಿ 39 ಸೆಕೆಂಡಿಗೊಂದು. ಹಿಂದಿನ ಗೋಲಿನ ಪಕ್ಕನ್ನು ಬಲೆಯಿಂದ ತೆಗೆದು ನೆಟ್ಟಗೆ ನಿಲ್ಲುವಷ್ಟರಲ್ಲಿ ಮುಂದಿನದು ಬಂದಿರಬೇಕು. ದಾಖಲೆಯ ಪುಸ್ತಕ ಹೊಡೆದವನ ಹೆಸರನ್ನು ಕಾಪಾಡಿಕೊಂಡಿದೆ. ಆದರೆ ಮನಸ್ಸಿನಲ್ಲಿ ಉಳಿಯುವುದು ಥಾಯ್ಲೆಂಡಿನ ಆ ಬಾಲಕರು. ತೊಂಬತ್ತನೆಯ ಗೋಲಾದ ಮೇಲೂ ಅಂಕಣದ ನಡುವಿಗೆ ಬಂದು, ಮತ್ತೆ ಕೋಲನ್ನು ಹಿಮಕ್ಕೆ ಊರಿ, ಆಟ ಮುಂದುವರಿಯಲೆಂದು ನಿಂತರಲ್ಲ—ಅದಕ್ಕೆ ಯಾವ ದಾಖಲೆಯ ಪುಸ್ತಕದಲ್ಲಿ ಪುಟವಿದೆ?

ಈ ಪಂದ್ಯಾವಳಿಗಳಲ್ಲಿ ಒಂದು ಸಂಪ್ರದಾಯವುಂಟು. ಆಟ ಮುಗಿದೊಡನೆ ಎರಡೂ ತಂಡಗಳು ಹಿಮದ ಮೇಲಿನ ನೀಲಿಗೆರೆಗಳಲ್ಲಿ ಎದುರುಬದುರಾಗಿ ಸಾಲು ನಿಲ್ಲುತ್ತವೆ. ಪ್ರತಿ ತಂಡದಿಂದಲೂ ಒಬ್ಬೊಬ್ಬ ಶ್ರೇಷ್ಠ ಆಟಗಾರನನ್ನು ಕರೆದು ಬಹುಮಾನ ಕೊಡುತ್ತಾರೆ. ಎಷ್ಟೇ ಹೀನಾಯವಾಗಿ ಸೋತಿರಲಿ, ಸೋತ ತಂಡದಿಂದಲೂ ಒಬ್ಬನಿಗೆ ಆ ಮರ್ಯಾದೆ ಇದ್ದೇ ಇದೆ. ಅನಂತರ ಗೆದ್ದ ದೇಶದ ರಾಷ್ಟ್ರಗೀತೆ ಮೊಳಗುತ್ತದೆ. ಗೆದ್ದ ದೇಶದ್ದು ಮಾತ್ರ. ಒಂದೂ ಪಂದ್ಯ ಗೆಲ್ಲದ ಹುಡುಗರು ವಾರವೆಲ್ಲ ಪರರ ಗೀತೆಗಳನ್ನೇ ಕೇಳುತ್ತ, ಬೆವರಿದ ತಲೆಯಿಂದ ಶಿರಸ್ತ್ರಾಣ ತೆಗೆದು, ನೇರವಾಗಿ ನಿಂತಿರುತ್ತಾರೆ. ಹದಿನಾರು ಹದಿನೇಳರ ವಯಸ್ಸಿಗೆ ಇದೇನು ಸಣ್ಣ ಪಾಠವೇ?

ಈ ಗೀತೆಗಾಗಿ ಕಾದವರಲ್ಲಿ ಭಾರತೀಯರೂ ಇದ್ದಾರೆ. ಅದು ಬಾಲಕರ ತಂಡವಲ್ಲ, ಮಹಿಳೆಯರದು. ಲಡಾಖಿನಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟುವ ಕೊಳಗಳ ಮೇಲೆ ಆಟ ಕಲಿತ ಹೆಣ್ಣುಮಕ್ಕಳೇ ಅದರಲ್ಲಿ ಹೆಚ್ಚು. 2016ರಲ್ಲಿ ತೈಪೆಯಲ್ಲಿ ಏಷ್ಯದ ಸವಾಲು ಪಂದ್ಯಾವಳಿಯ ಮೂಲಕ ಅವರು ಅಂತರರಾಷ್ಟ್ರೀಯ ಅಂಕಣಕ್ಕೆ ಮೊದಲು ಕಾಲಿಟ್ಟರು. ಮರುವರ್ಷ, 2017ರಲ್ಲಿ, ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸನ್ನು 4–3ರಿಂದ ಸೋಲಿಸಿದಾಗ ಅದು ಅವರ ಮೊಟ್ಟಮೊದಲ ಗೆಲುವಾಯಿತು. ಪದಕಗಳ ಪಟ್ಟಿಯಲ್ಲಿ ಆ ಗೆಲುವಿಗೆ ದೊಡ್ಡ ಸ್ಥಾನವಿರಲಾರದು. ಆದರೆ ಮೇಲಿನ ಅಂತಸ್ತಿನವರು ತಮ್ಮ ಗೀತೆಯನ್ನು ಎಷ್ಟೋ ಸಲ ಕೇಳಿ ಬಲ್ಲರು, ಮೊದಲ ಸಲ ಕೇಳುವ ರೋಮಾಂಚ ಕೆಳಗಿನ ಮೆಟ್ಟಿಲಿನವರಿಗೇ ಮೀಸಲು.

ಬಾಲಕರ ಪಂದ್ಯಗಳಿಗೆ ಮರಳಿದರೆ, ಈ ಏಣಿಯ ಲೆಕ್ಕದಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ಮೂರನೆಯ ಡಿವಿಷನ್ನಿನ ‘ಬಿ’ ಗುಂಪಿನಿಂದ ಮೇಲಿನ ಅಂತಸ್ತಿಗೆ ಆರು ಮೆಟ್ಟಿಲು. ವರ್ಷಕ್ಕೆ ಒಂದೇ ಮೆಟ್ಟಿಲು ಹತ್ತಬಹುದು. ಎಂದರೆ, ಒಂದು ಸಲವೂ ಜಾರದಿದ್ದರೂ ಆರು ವರ್ಷ. ಆದರೆ ಹದಿನೆಂಟರ ಒಳಗಿನವರ ತಂಡದಲ್ಲಿ ಒಬ್ಬ ಹುಡುಗನಿಗೆ ದೊರೆಯುವುದು ಹೆಚ್ಚೆಂದರೆ ಎರಡು ಮೂರು ವರ್ಷ. ಆದ್ದರಿಂದ ಏಣಿಯ ಬುಡದಲ್ಲಿ ಕಾಲಿಟ್ಟವನು ತನ್ನ ಕಾಲಿನಿಂದಲೇ ತುದಿಯನ್ನು ಮುಟ್ಟುವಂತಿಲ್ಲ. ಈ ವರ್ಷ ಬಡ್ತಿ ಗಳಿಸಿದ ತಂಡದ ಹಿರಿಯ ಹುಡುಗರು ಮುಂದಿನ ವರ್ಷ ವಯಸ್ಸು ಮೀರಿ ಹೊರಗುಳಿಯುತ್ತಾರೆ. ಅವರು ಗೆದ್ದುಕೊಟ್ಟ ಎತ್ತರದಲ್ಲಿ ಆಡುವವರು ಅವರ ತಮ್ಮಂದಿರು. ಮಾವಿನ ಸಸಿ ನೆಟ್ಟ ತಾತನಿಗೂ ಈ ಹುಡುಗರಿಗೂ ಇರುವ ವ್ಯತ್ಯಾಸ ವಯಸ್ಸಿನದು ಮಾತ್ರ.

ಹಾಗೆಂದು ಕೆಳಗಿನಿಂದ ಮೇಲೇರಿದವರೇ ಇಲ್ಲವೆಂದಲ್ಲ. ಸ್ಲೊವೇನಿಯ ಎಂಬ ಪುಟ್ಟ ದೇಶದ ಅಂಜೆ ಕೊಪಿತಾರ್ ಬಾಲಕನಾಗಿದ್ದಾಗ ಆಡಿದ್ದು ಕೆಳಶ್ರೇಣಿಗಳಲ್ಲಿ. ಮುಂದೆ ಲಾಸ್ ಏಂಜಲೀಸ್ ತಂಡದೊಡನೆ 2012 ಮತ್ತು 2014ರಲ್ಲಿ ಉತ್ತರ ಅಮೆರಿಕದ ಪ್ರಸಿದ್ಧ ಸ್ಟ್ಯಾನ್ಲಿ ಕಪ್ಪನ್ನು ಎತ್ತಿ ಹಿಡಿದ. ಆಸ್ಟ್ರೇಲಿಯದ ನೇಥನ್ ವಾಕರ್ ಎಳೆಯ ಹದಿಹರೆಯದಲ್ಲಿಯೇ ಮನೆ ಬಿಟ್ಟು ಆಟ ಕಲಿಯಲು ಚೆಕ್ ದೇಶಕ್ಕೆ ಹೋದ. 2017ರಲ್ಲಿ ಆ ಮಹಾ ಲೀಗಿನಲ್ಲಿ ಆಡಿದ ಮೊದಲ ಆಸ್ಟ್ರೇಲಿಯನ್ ಎನಿಸಿದ. ಅಂಥವರು ಬೆರಳೆಣಿಕೆಯವರು. ಉಳಿದವರು ಓದು ಮುಗಿಸಿ, ಉದ್ಯೋಗ ಹಿಡಿದು, ಸಂಸಾರವಂದಿಗರಾಗುತ್ತಾರೆ.

ಅಂದು 92 ಗೋಲು ಹೊಡೆದ ಕೊರಿಯದ ಕಥೆಯೂ ಅಲ್ಲಿಗೇ ಮುಗಿಯಲಿಲ್ಲ. ಆ ದೇಶದ ಹಿರಿಯರ ತಂಡ ಮೆಟ್ಟಿಲುಗಳನ್ನೇರಿ 2018ರಲ್ಲಿ ವಿಶ್ವದ ಮೇಲಿನ ಅಂತಸ್ತನ್ನು ಮುಟ್ಟಿತು; ಅಲ್ಲಿ ಆಡಿದ ಏಳು ಪಂದ್ಯಗಳನ್ನೂ ಸೋತು ಕೆಳಗಿಳಿಯಿತು. ಥಾಯ್ಲೆಂಡೂ ಆಟ ಬಿಡಲಿಲ್ಲ. 2017ರಲ್ಲಿ ಕ್ವಾಲಾಲಂಪುರದಲ್ಲಿ ನಡೆದ ಆಗ್ನೇಯ ಏಷ್ಯ ಕ್ರೀಡಾಕೂಟದಲ್ಲಿ ಅದರ ತಂಡ ಐಸ್ ಹಾಕಿಯ ಅಂತಿಮ ಪಂದ್ಯದವರೆಗೆ ಬಂದು ಬೆಳ್ಳಿಯ ಪದಕ ಗಳಿಸಿತು. ಗೆದ್ದವನಿಗೂ ಮೇಲೊಂದು ಮೆಟ್ಟಿಲಿದೆ. ಸೋತವನಿಗೂ ಮುಂದೊಂದು ವರ್ಷವಿದೆ.

ಮಗ ಐದು ಪಂದ್ಯ ಸೋತು ಮನೆಗೆ ಬಂದಾಗ ತಾಯಿ ಕೇಳುವ ಮೊದಲ ಮಾತು ಗೋಲುಗಳ ಲೆಕ್ಕವಾಗಿರಲಾರದು; ಊಟ ಸರಿಯಾಗಿತ್ತೇ, ಪೆಟ್ಟೇನೂ ಆಗಲಿಲ್ಲವಷ್ಟೆ ಎಂದೇ ಅವಳು ಕೇಳುವಳು. ಮರುವಾರವೇ ಅವನು ಮೂಲೆಯಲ್ಲಿಟ್ಟ ಚೀಲವನ್ನು ಬಿಚ್ಚಿ ಸ್ಕೇಟಿನ ಅಲಗನ್ನು ಮಸೆಯತೊಡಗಿದರೆ, ಕೂಡಿಟ್ಟ ಹಣ ವ್ಯರ್ಥವಾಯಿತೆಂದು ಯಾವ ತಂದೆಯೂ ಹೇಳಲಾರ.