ಅಂಕಿ ಅಲ್ಲಿ, ನಾವು ಇಲ್ಲಿ

ಕಬ್ಬಿಣದ ಕಾರ್ಖಾನೆಯನ್ನು ಭದ್ರಾವತಿಯಲ್ಲೇ ಏಕೆ ಕಟ್ಟಿದರು ಎಂದು ನಾನು ಪಾಠದ ನಡುವೆ ಮಕ್ಕಳನ್ನು ಕೇಳುವುದುಂಟು. ಅದಿರು ಕೆಮ್ಮಣ್ಣುಗುಂಡಿಯದು. ಆದರೂ 1923ರಲ್ಲಿ ಕುಲುಮೆ ಹೊತ್ತಿದ್ದು ಭದ್ರಾವತಿಯಲ್ಲಿ. ಇದ್ದಿಲಿಗೆ ಸುತ್ತಲೂ ಕಾಡಿತ್ತು, ನೀರಿಗೆ ಭದ್ರೆಯಿದ್ದಳು. ಯಾವುದನ್ನು ಸಾಗಿಸಬೇಕು, ಯಾವುದನ್ನು ಇದ್ದಲ್ಲೇ ಬಿಡಬೇಕು ಎಂಬ ಲೆಕ್ಕ ಮೊದಲು, ಕುಲುಮೆ ಆಮೇಲೆ.

ಇದೇ ಲೆಕ್ಕ ಗಣಕಯಂತ್ರದ ಮುಂದೆಯೂ ಎದುರಾಯಿತು. ಅಣ್ಣನ ಮಗಳು ನಮ್ಮ ಶಿವಮೊಗ್ಗದ ಮನೆಯಲ್ಲಿದ್ದು ಸಂಶೋಧನೆ ಮಾಡುತ್ತಿದ್ದಾಳೆ. ಭದ್ರಾವತಿಯ ಕಾರ್ಮಿಕ ಕುಟುಂಬಗಳ ಆದಾಯ, ಸಾಲ, ಕಾಯಿಲೆಗಳನ್ನು ಮನೆ ಮನೆ ತಿರುಗಿ ಬರೆದುಕೊಂಡಿದ್ದಳು. ಆ ಮಾಹಿತಿಯೆಲ್ಲ ಇದ್ದದ್ದು ಅಲ್ಲಿನ ಒಂದು ಸಂಸ್ಥೆಯ ಸರ್ವರಿನಲ್ಲಿ. ಪೆನ್‌ಡ್ರೈವಿಗೆ ತುಂಬಿಕೊಂಡು ಬಸ್ಸು ಹತ್ತು ಎಂದು ಸ್ನೇಹಿತೆಯರು ಹೇಳಿದರಂತೆ.

"ಬಸ್ಸಿನಲ್ಲಿ ಬಿದ್ದುಹೋದರೆ ಏನು ಗತಿ, ಚಿಕ್ಕಪ್ಪ? ಯಾರಿಗೂ ಹೇಳಬೇಡಮ್ಮ ಅಂತ ಕೈ ಹಿಡಿದುಕೊಂಡು ಸಾಲದ ವಿಷಯ ಹೇಳಿದ್ದಾರೆ" ಎಂದಳು. ಮಾತು ಸರಿಯೇ. ಹಾಗಾದರೆ ಅಂಕಿಗಳು ಅಲ್ಲೇ ಇರಲಿ, ಪ್ರಶ್ನೆ ಮಾತ್ರ ಹೋಗಿ ಉತ್ತರ ಬರಲಿ ಎಂದು ತೀರ್ಮಾನವಾಯಿತು.

ಅವಳು ಬಳಸುವುದು 'ಆರ್' ಎಂಬ ಒಂದೇ ಅಕ್ಷರದ ಹೆಸರಿನ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ, ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಮೇಷ್ಟ್ರುಗಳು ಶುರುಮಾಡಿದ್ದು, ಬೆಲೆ ಸೊನ್ನೆ. 'ಆರ್‌ಸ್ಟುಡಿಯೋ ಸರ್ವರ್' ಜೊತೆಗಿದ್ದರೆ ಲೆಕ್ಕ ದೂರದ ಯಂತ್ರದಲ್ಲಿ ನಡೆಯುತ್ತದೆ, ನಮ್ಮೆದುರು ಬ್ರೌಸರಿನ ಕಿಟಕಿಯಷ್ಟೇ. ಅದು ಸಾಮಾನ್ಯವಾಗಿ ಕಾಯುವ ಬಾಗಿಲಿನ ಸಂಖ್ಯೆ 8787.

ಬಾಗಿಲು ಗೊತ್ತಿದ್ದರೆ ಸಾಲದು, ಮನೆ ಸಿಗಬೇಕಲ್ಲ! ಸರ್ವರಿನ ವಿಳಾಸ 192.168 ಎಂದು ಶುರುವಾಗುತ್ತಿತ್ತು. ಅದು ಒಳಜಾಲದ ವಿಳಾಸ. 'ಬಾವಿಕಟ್ಟೆ ಪಕ್ಕದ ಮನೆ' ಎಂದರೆ ಊರೊಳಗಿನವರಿಗೆ ಗೊತ್ತು, ಹೊರಗಿನ ಅಂಚೆಯವನಿಗೆ ಏನು ಗೊತ್ತು? ಹಾಗೆಂದು 8787ನ್ನು ಲೋಕಕ್ಕೆಲ್ಲ ತೆರೆದಿಡಲು ಸರ್ವರ್ ನೋಡಿಕೊಳ್ಳುವ ಹುಡುಗ ಒಪ್ಪಲಿಲ್ಲ. ಉಚಿತ ಆವೃತ್ತಿಯು ತಾನಾಗಿ ಮಾತನ್ನು ಗುಪ್ತಲಿಪಿಗೆ ತಿರುಗಿಸುವುದಿಲ್ಲ, ದಾರಿಯಲ್ಲಿ ಕದ್ದು ಕೇಳಬಹುದು ಎಂದ. ಅವನ ಎಚ್ಚರ ನನಗೆ ಮೆಚ್ಚಿಗೆಯಾಯಿತು.

ಅವನು ತೋರಿಸಿದ ಉಪಾಯ ಎಸ್‌ಎಸ್‌ಎಚ್ ಸುರಂಗ. ಫಿನ್‌ಲೆಂಡಿನ ಟಾಟು ಯುಲೋನೆನ್, ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳ ಕಳವಾದ ಮೇಲೆ, 1995ರಲ್ಲಿ ಎಸ್‌ಎಸ್‌ಎಚ್ ರಚಿಸಿದರು. ನಮ್ಮ ಯಂತ್ರದ 8787ಕ್ಕೆ ಹಾಕಿದ್ದು ಸುರಂಗದೊಳಗೆ ಬೀಗಮುದ್ರೆಯಲ್ಲಿ ಸಾಗಿ, ಆ ಯಂತ್ರದ 8787ರಲ್ಲಿ ತೆರೆದುಕೊಳ್ಳುತ್ತದೆ. ಹೊರಗಿನಿಂದ ಬರುವವರಿಗೆ ಇರುವುದು ಎಸ್‌ಎಸ್‌ಎಚ್‌ನ ಬಾಗಿಲೊಂದೇ. ಅದರ ಕೀಲಿ ಇದ್ದವರಿಗಷ್ಟೇ ಪ್ರವೇಶ. ಆಮೇಲೆ ಬ್ರೌಸರಿನಲ್ಲಿ 'ಲೋಕಲ್‌ಹೋಸ್ಟ್' ಎಂದು ಬರೆದರೆ ಭದ್ರಾವತಿ ಬರುತ್ತದೆ! ಲೋಕಲ್‌ಹೋಸ್ಟ್ ಎಂದರೆ 'ನಮ್ಮನೆ' ಎಂದಂತೆ; ಯಾರು ಹೇಳಿದರೆ ಅವರ ಮನೆ.

ಈ 'ನಮ್ಮನೆ'ಯೇ ಮತ್ತೊಂದು ತಮಾಷೆ ಮಾಡಿತು. ನಮ್ಮ ಯಂತ್ರದ ಡಿ ಡ್ರೈವಿನಲ್ಲಿದ್ದ ಒಂದು ಕಡತವನ್ನು ತೆರೆಯಲು ಅವಳು ಆದೇಶ ಕೊಟ್ಟಳು. ಅಂಥ ಕಡತವೇ ಇಲ್ಲ ಎಂದಿತು ಯಂತ್ರ. ಕಣ್ಣೆದುರೇ ಇದೆಯಲ್ಲ ಎಂದು ರೇಗಿದಳು. ಪರದೆ ಇಲ್ಲಿದ್ದರೂ ಲೆಕ್ಕ ನಡೆಯುತ್ತಿರುವುದು ಅಲ್ಲಿ. ಅದು ತಡಕಾಡುವುದೂ ಅಲ್ಲಿನ ಕಪಾಟನ್ನೇ ಎಂದು ಹೊಳೆದಾಗ ಇಬ್ಬರಿಗೂ ನಗು.

ಸಂಜೆ ಮಳೆ ಹಿಡಿದು ಶಿವಮೊಗ್ಗದಲ್ಲಿ ಕರೆಂಟು ಹೋಯಿತು. ಅರ್ಧ ಗಂಟೆಯ ಮೇಲೆ ಮತ್ತೆ ಸುರಂಗ ಹೊಕ್ಕರೆ, ಲೆಕ್ಕ ತನ್ನ ಪಾಡಿಗೆ ಮುಗಿದು ಕಾಯುತ್ತಿತ್ತು. ನಮ್ಮ ಮನೆಯ ಕತ್ತಲೆ ಅದಕ್ಕೆ ತಟ್ಟಿರಲಿಲ್ಲ.

ಕೊನೆಗೆ ಶಿವಮೊಗ್ಗ ಸೇರಿದ್ದು ಸರಾಸರಿಗಳ ಎರಡು ಪುಟ. ಅದರಲ್ಲಿ ಯಾರ ಹೆಸರೂ ಇಲ್ಲ, ಯಾರ ಸಾಲವೂ ಇಲ್ಲ. "ಬರುವಾಗ ಬಾಗಿಲು ಹಾಕಿದೆಯೇನಮ್ಮ?" ಎಂದೆ. "ಚಿಲಕವನ್ನೂ ಹಾಕಿದ್ದೀನಿ, ಚಿಕ್ಕಪ್ಪ" ಎಂದಳು.