ಮೊದಲ ಲಾಟಿನ ಗಾಡಿ

ನಮ್ಮ ಮನೆಯಲ್ಲಿ ಮೊದಲು ಏಳುವುದು ಗಾಡಿ. ರಾತ್ರಿ ಎರಡೂವರೆಗೆ ತಮ್ಮ ಅದನ್ನು ಸ್ಟಾರ್ಟ್ ಮಾಡುತ್ತಾನೆ. ಹಾವೇರಿಗೆ ಹೋಗಿ, ಹುಬ್ಬಳ್ಳಿಯಿಂದ ಬಂದಿಳಿದ ಪತ್ರಿಕೆ ಬಂಡಲ್ ಹೇರಿಕೊಂಡು, ಹಾನಗಲ್ ದಾರಿಯ ಹಳ್ಳಿಗಳಲ್ಲಿ ಒಂದೊಂದಾಗಿ ಇಳಿಸುತ್ತ ಏಳೂವರೆಗೆ ಮನೆ ಮುಟ್ಟುತ್ತಾನೆ. ಹತ್ತೂವರೆಗೆ ಮತ್ತೆ ಹೊರಟರೆ ಕಾಯಿಪಲ್ಲೆ, ಬಾಳೆಗೊನೆ, ಒಮ್ಮೊಮ್ಮೆ ಶಾಮಿಯಾನದ ಕಂಬ. ನಾನು ಸುದ್ದಿ ಬರೆಯುವವ, ಅವನು ಹೊರುವವ. ತಿಂಗಳ ಕೊನೆಗೆ ಯಾರ ಕೈಗೆ ಹೆಚ್ಚು ದುಡ್ಡು ಬರುತ್ತದೆ ಅನ್ನುವುದನ್ನು ಜಿಲ್ಲಾ ಸ್ಟ್ರಿಂಗರ್ ಆಗಿರುವ ನಮ್ಮ ಬ್ಯಾಚಿನ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈಗಿರುವ ಡೀಸೆಲ್ ಗಾಡಿ 2013ರದು. ಕಳೆದ ಮಳೆಗಾಲದಿಂದ ಎಂಜಿನ್ ಹೊಗೆ ಉಗುಳುತ್ತಿದೆ, ಆಯಿಲ್ ಕುಡಿಯುತ್ತಿದೆ. ಗ್ಯಾರೇಜಿನವ ಎಂಜಿನ್ ಬಿಚ್ಚಬೇಕು ಎಂದ. ಅದೇ ವಾರ ಶೋರೂಮಿನಿಂದ ಫೋನ್ ಬಂತು. ಹೊಸ ಎಲೆಕ್ಟ್ರಿಕ್ ಮಿನಿ ಟ್ರಕ್ ಬರುತ್ತಿದೆ, ಮೊದಲ ಲಾಟಿನಲ್ಲಿ ಜಿಲ್ಲೆಗೆ ಕೆಲವೇ ಗಾಡಿ, ಬುಕ್ ಮಾಡಿದರೆ ಹಬ್ಬಕ್ಕೆ ಮನೆ ಮುಂದೆ. ಕಂಪನಿಯ ಹೆಸರು ಇಲ್ಲಿ ಬೇಡ. ಅವರ ಗಾಡಿ ಚೆನ್ನಾಗಿಲ್ಲ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ.

ಅಪ್ಪನಿಗೆ ತಗೊಳ್ಳುವ ಹುರುಪು. ಅದಕ್ಕೆ ಕಾರಣ ಇದೆ. ಟಾಟಾ ಏಸ್ ಬಿಡುಗಡೆಯಾದದ್ದು 2005ರಲ್ಲಿ. 702 ಸಿಸಿ, ಎರಡೇ ಸಿಲಿಂಡರ್, 16 ಅಶ್ವಶಕ್ತಿ. ಮರುವರ್ಷ ಅಪ್ಪ ಅದನ್ನು ಊರಿಗೆ ತಂದಾಗ ಕಟ್ಟೆ ಮೇಲೆ ಕೂತವರು ‘ಹುಡುಗರ ಆಟಿಗಿ ಸಾಮಾನು’ ಎಂದು ನಕ್ಕಿದ್ದರಂತೆ. ಟ್ರ್ಯಾಕ್ಟರ್ ಇಟ್ಟವರು, ಎತ್ತಿನ ಗಾಡಿಯವರು ಎಲ್ಲರೂ ‘ನೋಡೂಣು ತಡಿ’ ಅಂದರು. ಅವರು ನೋಡುತ್ತ ಕೂತ ಮೂರು ವರ್ಷದಲ್ಲಿ ಅಪ್ಪ ಸುತ್ತಲಿನ ಹಳ್ಳಿಗಳ ಬಾಡಿಗೆಯನ್ನೆಲ್ಲ ಹಿಡಿದುಬಿಟ್ಟ. ನನ್ನ ಡಿಪ್ಲೊಮಾದ ಫೀಸು ಆ ಆಟಿಕೆಯಿಂದಲೇ ಬಂದದ್ದು. ಹಾಗಾಗಿ ನಾನು ‘ಸ್ವಲ್ಪ ಕಾಯೋಣ’ ಎಂದಾಗ ಅಪ್ಪ ನನ್ನನ್ನು ನೋಡಿದ್ದು ಕಟ್ಟೆ ಮೇಲಿನವರನ್ನು ನೋಡುವ ಕಣ್ಣಿನಿಂದ.

ನನಗೆ ಅನುಮಾನ ಹುಟ್ಟಿದ್ದು ನನ್ನದೇ ಸುದ್ದಿಯಿಂದ. ಕೇಂದ್ರದ ಪಿಎಂ ಇ–ಡ್ರೈವ್ ಯೋಜನೆ 2024ರ ಅಕ್ಟೋಬರಿನಲ್ಲಿ ಶುರುವಾದಾಗ ಪ್ರಕಟಣೆ ನೋಡಿಕೊಂಡು ‘ಇ–ಟ್ರಕ್‌ಗೂ ಸಹಾಯಧನ’ ಎಂದು ಶೀರ್ಷಿಕೆ ಕೊಟ್ಟು ಕಳಿಸಿದ್ದೆ. ಶೋರೂಮಿನಲ್ಲಿ ಅದೇ ಧೈರ್ಯದಲ್ಲಿ ಸಬ್ಸಿಡಿ ಎಷ್ಟು ಎಂದು ಕೇಳಿದೆ. ಹುಡುಗ ಮುಖ ನೋಡಿದ. ಆ ಯೋಜನೆಯಲ್ಲಿ ಟ್ರಕ್ ಎಂದರೆ ಒಟ್ಟು ತೂಕ ಮೂರೂವರೆ ಟನ್ ಮೀರಿದ್ದು. ನಮ್ಮಂಥ ನಾಲ್ಕು ಚಕ್ರದ ಚಿಕ್ಕ ಗಾಡಿ ಅದರಲ್ಲಿ ಬರುವುದಿಲ್ಲ. ನನ್ನ ಸುದ್ದಿ ನಂಬಿ ಎಷ್ಟು ಜನ ಶೋರೂಮಿಗೆ ಹೋಗಿ ಹೀಗೆ ನಿಂತರೋ. ಅಂಕಿ ಕೊಡುವವನಿಗೆ ಅದರಿಂದ ಏನು ಲಾಭ ಅಂತ ಮೊದಲು ಕೇಳಿ ಎಂದು ಡಿಪ್ಲೊಮಾ ಓದುವಾಗ ಮೇಷ್ಟ್ರು ಹೇಳುತ್ತಿದ್ದರು. ಸ್ವಂತ ದುಡ್ಡು ಕೊಡುವ ಹೊತ್ತಿಗೆ ಅದು ನೆನಪಾಯಿತು.

ಮೊದಲ ಅಂಕಿ ರೇಂಜು. ಒಂದು ಚಾರ್ಜಿಗೆ 150 ಕಿ.ಮೀ. ಎಂದು ಕರಪತ್ರದಲ್ಲಿತ್ತು. ಅದು ಸುಳ್ಳಲ್ಲ. ಆದರೆ ಪರೀಕ್ಷಾ ಕೇಂದ್ರದಲ್ಲಿ ರೋಲರ್ ಮೇಲೆ, ನಿಗದಿ ಮಾಡಿದ ವೇಗದಲ್ಲಿ ಓಡಿಸಿ ಅಳೆದದ್ದು. ರೋಲರಿನಲ್ಲಿ ಏರು ಇಲ್ಲ, ತಗ್ಗು ಇಲ್ಲ, ಮುಸುಕಿನಜೋಳ ರಸ್ತೆಗೆ ಹಾಸಿಕೊಂಡು ಕೂತ ರೈತನಿಲ್ಲ. ನಾವು ಎಂಟು ಚೀಲ ಅಕ್ಕಿ, ಅಂದರೆ 400 ಕಿಲೋ ಹೇರಿ ಪ್ರದರ್ಶನದ ಗಾಡಿಯನ್ನು ನಮ್ಮ ದಾರಿಯಲ್ಲೇ 52 ಕಿ.ಮೀ. ಓಡಿಸಿದೆವು. ನೂರಿದ್ದ ಚಾರ್ಜ್ 51ಕ್ಕೆ ಬಂತು. ಪೂರ್ತಿ ಖಾಲಿ ಮಾಡಿದರೆ 106. ಕೊನೆಯ ಹದಿನೈದು ಪರ್ಸೆಂಟ್ ಮುಟ್ಟುವ ಧೈರ್ಯ ರಾತ್ರಿ ಮೂರು ಗಂಟೆಗೆ ಯಾವ ಡ್ರೈವರಿಗೂ ಇರುವುದಿಲ್ಲ. ಅಂದರೆ 90. ನಮ್ಮ ದಿನದ ಓಟ 94: ಪತ್ರಿಕೆ ಲೈನು 58, ಹಗಲಿನ ಬಾಡಿಗೆ ಸರಾಸರಿ 36.

ನಾಲ್ಕು ಕಿ.ಮೀ. ಕಡಿಮೆ ಬಿತ್ತು, ವಿಷಯ ಮುಗಿಯಿತು ಎಂದುಕೊಂಡೆ. ತಮ್ಮ ನಕ್ಕ. ‘ಅಣ್ಣಾ, ಮುಂಜಾನೆ ಏಳೂವರೆಯಿಂದ ಹತ್ತೂವರೆತನಕ ಗಾಡಿ ಮನಿ ಮುಂದನ ನಿಂತಿರತೈತಲ್ಲ, ಆವಾಗ ಹಚ್ಚಿದ್ರ ಆತು’ ಎಂದ. ಹೌದು. ಮೂರು ತಾಸಿನಲ್ಲಿ ಎಂಟೊಂಬತ್ತು ಯೂನಿಟ್ ಹೋದರೆ ಇನ್ನೂ ನಲವತ್ತು ಕಿ.ಮೀ. ಸಿಗುತ್ತದೆ. ಕ್ಯಾಲ್ಕುಲೇಟರ್ ನನ್ನ ಕೈಯಲ್ಲಿತ್ತು, ಲೆಕ್ಕ ಅವನ ತಲೆಯಲ್ಲಿತ್ತು.

ಆದರೆ ಕರೆಂಟಿನ ಕಥೆ ಬೇರೆ. ಆ ಗಾಡಿಯ ಬ್ಯಾಟರಿ 21 ಯೂನಿಟ್ಟಿನದು. 15 ಆಂಪಿಯರ್ ಸಾಕೆಟ್ಟಿನಲ್ಲಿ ತುಂಬಲು ಏಳೆಂಟು ತಾಸು ಬೇಕು. ಸಂಜೆ ಏಳಕ್ಕೆ ಹಚ್ಚಿದರೆ ಎರಡೂವರೆಗೆ ಸರಿಯಾಗಿ ತುಂಬುತ್ತದೆ, ನಡುವೆ ಕರೆಂಟ್ ಹೋಗದಿದ್ದರೆ. ಪಂಪ್‌ಸೆಟ್ಟಿನ ತ್ರೀಫೇಸ್ ರಾತ್ರಿ ಪಾಳಿಗೆ ಬಂದ ವಾರ ನಮ್ಮ ಓಣಿಯ ಬಲ್ಬು ಕೆಂಪಗಾಗುತ್ತದೆ. ಎರಡು ರಾತ್ರಿ ಮೀಟರ್ ಹಿಡಿದು ಅಳೆದೆ, ಒಮ್ಮೆ 172 ವೋಲ್ಟ್ ತೋರಿಸಿತು. ಅಷ್ಟಕ್ಕೆ ಇಳಿದರೆ ಚಾರ್ಜರ್ ತಾನೇ ಬಂದ್ ಆಗುತ್ತದೆ ಎಂದು ಶೋರೂಮಿನವರೇ ಹೇಳಿದರು. ಡೀಸೆಲ್ ಗಾಡಿ ಬೆಳಗಿನ ಜಾವ ಕೈಕೊಟ್ಟರೆ ಪಕ್ಕದೂರಿನಿಂದ ಕ್ಯಾನ್ ತರಬಹುದು. ಮಲಗಿದ ಬ್ಯಾಟರಿಗೆ ಕ್ಯಾನಿಲ್ಲ.

ಇನ್ನೊಂದು ಅವ್ವ ಕಂಡುಹಿಡಿದದ್ದು. ‘ಅದನ್ನ ಮನಿ ಮೀಟರಿಗೆ ಹಚ್ಚಿದ್ರ ಫ್ರೀ ಕರೆಂಟ್ ಉಳಿತೈತೇನು?’ ಉಳಿಯುವುದಿಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ನಾವೇ ಕಟ್ಟಬೇಕು. ಗಾಡಿ ತಿಂಗಳಿಗೆ ಆರುನೂರಕ್ಕೂ ಮೇಲೆ ಎಳೆಯುತ್ತದೆ. ಬೇರೆ ಮೀಟರೇ ಬೇಕು. ವಾಹನ ಚಾರ್ಜಿಂಗಿಗೆ ಪ್ರತ್ಯೇಕ ದರ ಇದೆ, ಅರ್ಜಿ ಹಾಕಬಹುದು. ಇದನ್ನು ಯಾವ ಕರಪತ್ರವೂ ಹೇಳಿರಲಿಲ್ಲ, ನಾನೂ ಯಾವ ಸುದ್ದಿಯಲ್ಲೂ ಬರೆದಿರಲಿಲ್ಲ.

ದಾವಣಗೆರೆಯಲ್ಲಿ ನೀರಿನ ಕ್ಯಾನ್ ಹಂಚುವ ಒಬ್ಬರು ಎರಡು ವರ್ಷದಿಂದ ಬೇರೆ ಕಂಪನಿಯ ಎಲೆಕ್ಟ್ರಿಕ್ ಗಾಡಿ ಓಡಿಸುತ್ತಿದ್ದಾರೆ ಎಂದು ಗೊತ್ತಾಗಿ ಹುಡುಕಿಕೊಂಡು ಹೋದೆ. ಅವರು ಖುಷಿಯಾಗಿದ್ದರು. ದಿನಕ್ಕೆ 60 ಕಿ.ಮೀ., ಎಲ್ಲ ಊರೊಳಗೆ, ರಾತ್ರಿ ಗೋದಾಮಿನಲ್ಲಿ ಚಾರ್ಜು. ಕ್ಲಚ್ಚಿಲ್ಲ, ಗೇರಿಲ್ಲ, ಮೊಣಕಾಲು ನೋವು ಹೋಯಿತು ಎಂದರು. ಮೊಣಕಾಲಿನ ಮಾತು ನನಗೆ ನಾಟಿತು, ತಮ್ಮನಿಗೂ ಆ ನೋವಿದೆ. ಟೀ ಕುಡಿಯುವಾಗ ಇನ್ನೊಂದು ಮಾತು ಹೊರಬಂತು. ಮೊದಲ ವರ್ಷ ಕಂಟ್ರೋಲರ್ ಹೋಗಿ ಗಾಡಿ 19 ದಿನ ನಿಂತಿತ್ತು. ವಾರಂಟಿಯಲ್ಲೇ ಹಾಕಿಕೊಟ್ಟರು, ಒಂದು ರೂಪಾಯಿ ತಗೊಳ್ಳಲಿಲ್ಲ. ಆ 19 ದಿನದ ಬಾಡಿಗೆ ಗಾಡಿಯ ದುಡ್ಡನ್ನೂ ಕೊಡಲಿಲ್ಲ. ‘ಮೊದಲು ತಗೊಂಡವರಲ್ವಾ ನಾವು, ಅವರೂ ನಮ್ಮ ಗಾಡೀಲೇ ಕಲಿತರು’ ಎಂದು ನಕ್ಕರು. ಅವರಿಗೆ ನಗಲು ಸಾಧ್ಯ. ಅವರ ಬಳಿ ಇನ್ನೆರಡು ಡೀಸೆಲ್ ಗಾಡಿಗಳಿವೆ.

ನಮಗಿರುವುದು ಒಂದು. ನಮ್ಮ ಮೆಕ್ಯಾನಿಕ್ ಏಸ್‌ನ ಎಂಜಿನನ್ನು ಕಣ್ಣು ಮುಚ್ಚಿ ಬಿಚ್ಚಬಲ್ಲ. ಈ ಗಾಡಿಯ ಬಾನೆಟ್ ಎತ್ತಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ ನೋಡಿ ಕೈ ಹಿಂದೆ ಕಟ್ಟಿಕೊಂಡ. ‘ಇದಕ್ಕ ಪಾನಾ ಸಾಲಂಗಿಲ್ಲ, ಲ್ಯಾಪ್‌ಟಾಪ್ ಬೇಕು’ ಎಂದ. ಸದ್ಯ ಲ್ಯಾಪ್‌ಟಾಪ್ ಇರುವುದು ಹುಬ್ಬಳ್ಳಿಯಲ್ಲಿ, ನಮ್ಮೂರಿಂದ ನೂರು ಕಿ.ಮೀ. ಹತ್ತಿರ. ಕೆಟ್ಟ ಗಾಡಿಯನ್ನು ಇನ್ನೊಂದು ಗಾಡಿಯ ಮೇಲೆ ಹೇರಿ ಒಯ್ಯಬೇಕು.

ಕಾಯಬೇಕು ಎನ್ನುವುದಕ್ಕೆ ಹೊರಗಿನ ಉದಾಹರಣೆ ಬೇಕಾದಷ್ಟಿವೆ. ಟೆಸ್ಲಾ ತನ್ನ ದೊಡ್ಡ ಟ್ರಕ್ಕನ್ನು 2017ರಲ್ಲಿ ತೋರಿಸಿ 2019ಕ್ಕೆ ಎಂದಿತ್ತು, ಮೊದಲ ಗಿರಾಕಿಗೆ ಕೊಟ್ಟದ್ದು 2022ರ ಡಿಸೆಂಬರಿನಲ್ಲಿ. ನಿಕೋಲಾ ಎಂಬ ಅಮೆರಿಕದ ಕಂಪನಿ 2018ರಲ್ಲಿ ತನ್ನ ಟ್ರಕ್ ಓಡುವ ವಿಡಿಯೊ ಬಿಟ್ಟಿತ್ತು, ಗಾಡಿಯನ್ನು ಇಳಿಜಾರಿನಲ್ಲಿ ಉರುಳಬಿಟ್ಟು ಚಿತ್ರೀಕರಿಸಿದ್ದು ಎಂದು ಆಮೇಲೆ ಗೊತ್ತಾಯಿತು. ಆ ಕಂಪನಿ 2025ರಲ್ಲಿ ದಿವಾಳಿ ಅರ್ಜಿ ಹಾಕಿತು. ನಮ್ಮಲ್ಲೇ 2022ರ ಬೇಸಿಗೆಯಲ್ಲಿ ಇ–ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಮೇಲೆ ಬ್ಯಾಟರಿ ಸುರಕ್ಷತೆಯ ನಿಯಮ ಬಿಗಿಯಾದದ್ದು. ಅದಕ್ಕೆ ಮೊದಲು ಕೊಂಡವರ ಮನೆಯಲ್ಲಿರುವುದು ಹಳೆ ನಿಯಮದ ಗಾಡಿ. ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ‘ಅಮೆರಿಕಾದಾಗ ಟ್ರಕ್ ಉರುಳಿದ್ರ ಹಾನಗಲ್ಲಿನ್ಯಾಗ ಬಾಳಿಹಣ್ಣು ನಿಂದರತಾವೇನು?’ ಎಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಕೂತು ಕಾಗದದ ಮೇಲೆ ಬರೆದೆವು. ಡೀಸೆಲ್ ಲೀಟರಿಗೆ 91 ರೂಪಾಯಿ, ಮೈಲೇಜು 16 ಎಂದು ಹಿಡಿದರೆ ದಿನಕ್ಕೆ 535. ಕರೆಂಟು ಚಾರ್ಜರಿನ ನಷ್ಟ ಸೇರಿ 21–22 ಯೂನಿಟ್, ಆರು ರೂಪಾಯಿಯಂತೆ 130. ದಿನಕ್ಕೆ 400 ಉಳಿಯಿತು, ತಿಂಗಳಿಗೆ 12,000. ಆಯಿಲ್, ಫಿಲ್ಟರ್ ಎಂದು ಇನ್ನೊಂದು ಸಾವಿರ. ಅಪ್ಪ ಮೀಸೆ ತಿರುವಿದ. ಆಮೇಲೆ ಸಾಲ. ಎಲೆಕ್ಟ್ರಿಕ್‌ಗೆ 8 ಲಕ್ಷ ಎತ್ತಬೇಕು. ಹೊಸ ಕಂಪನಿಯ ಗಾಡಿಗೆ ಸೆಕೆಂಡ್‌ಹ್ಯಾಂಡ್ ಬೆಲೆ ಎಷ್ಟು ಬರುತ್ತದೋ ಗೊತ್ತಿಲ್ಲ ಎಂದು ಫೈನಾನ್ಸಿನವರು ಕೊಟ್ಟದ್ದು ನಾಲ್ಕೇ ವರ್ಷ, 12 ಪರ್ಸೆಂಟ್ ಬಡ್ಡಿ. ಕಂತು 21,000. ಹೊಸ ಡೀಸೆಲ್ ಗಾಡಿಗೆ 5 ಲಕ್ಷ, ಐದು ವರ್ಷ, 10 ಪರ್ಸೆಂಟ್. ಕಂತು 10,600. ನಡುವಿನ ವ್ಯತ್ಯಾಸ 10,400. ಎಲ್ಲ ಕಳೆದು ತಿಂಗಳಿಗೆ ಎರಡೂವರೆ ಸಾವಿರ ಉಳಿಯಿತು. ತೆಳು, ಆದರೂ ಲಾಭದ ಕಡೆಗೇ ಇತ್ತು. ನಾಲ್ಕು ವರ್ಷದ ನಂತರ ಕಂತಿಲ್ಲ, ಬ್ಯಾಟರಿಗೆ ಏಳು ವರ್ಷ ವಾರಂಟಿ. ನಾನೂ ಸುಮ್ಮನಾದೆ. ತಗೊಳ್ಳೋಣ ಎನ್ನುವ ಕಡೆಗೇ ವಾಲಿದ್ದೆ.

ಆಗ ತಮ್ಮ ಕೇಳಿದ: ‘ಬ್ಯಾಟರಿ ಏಳ್ ವರ್ಷ ಬರತೈತಿ ಸರಿ. ಪೇಪರ್ ಎಷ್ಟು ವರ್ಷ ಬರತಾವು?’

ಯಾರೂ ಮಾತಾಡಲಿಲ್ಲ. 2020ರ ಮಾರ್ಚಿಗೆ ಮೊದಲು ನಮ್ಮ ಲೈನಿನಲ್ಲಿ 640 ಪ್ರತಿ ಇಳಿಯುತ್ತಿದ್ದವು. ಲಾಕ್‌ಡೌನಿನಲ್ಲಿ ಬಿಟ್ಟವರಲ್ಲಿ ಅರ್ಧದಷ್ಟು ಜನ ಮರಳಲಿಲ್ಲ. ಈಗ 310. ಎರಡು ಹಳ್ಳಿಯ ಬಂಡಲ್ ಬಂಡಲ್ಲೇ ಅಲ್ಲ, ಏಳೆಂಟು ಪ್ರತಿಯನ್ನು ರಬ್ಬರ್ ಹಾಕಿ ಚಹಾ ಅಂಗಡಿಯ ಶಟರ್ ಕೆಳಗೆ ತೂರಿಸಿ ಬರುವುದು. ಲೈನಿನ ಬಾಡಿಗೆಯನ್ನು ಎರಡು ಸಲ ಇಳಿಸಿದ್ದಾರೆ. ಲೈನು ಬಂದ್ ಮಾಡಿ ಬಸ್ಸಿಗೆ ಹಾಕುವ ಮಾತು ಪ್ರಸರಣ ವಿಭಾಗದಲ್ಲಿ ನಡೆದಿದೆ ಎಂದು ನನಗೆ ಗೊತ್ತಿತ್ತು. ಮನೆಯಲ್ಲಿ ಹೇಳಿರಲಿಲ್ಲ. ತಮ್ಮನಿಗೆ ಅದು ಏಜೆಂಟರ ಬಾಯಿಂದ ಮೊದಲೇ ಗೊತ್ತಾಗಿತ್ತು. ಅವನೂ ನನಗೆ ಹೇಳಿರಲಿಲ್ಲ.

ಆ 58 ಕಿ.ಮೀ. ತೆಗೆದು ಮತ್ತೆ ಬರೆದೆ. ಎಲೆಕ್ಟ್ರಿಕ್ ಗಾಡಿ ದುಡಿಯುವುದು ಓಡಿದರೆ ಮಾತ್ರ. ಪ್ರತಿ ಕಿ.ಮೀ.ಗೆ ನಾಲ್ಕು ರೂಪಾಯಿ ಚಿಲ್ಲರೆ ಉಳಿಸುತ್ತದೆ, ನಿಂತಾಗ ಏನೂ ಇಲ್ಲ. ಕಂತು ಮಾತ್ರ ನಿಂತರೂ ಓಡುತ್ತದೆ. ಹಗಲಿನ 36 ಕಿ.ಮೀ. ಒಂದೇ ಆದರೆ ತಿಂಗಳಿಗೆ ಉಳಿಯುವುದು ಸುಮಾರು ನಾಲ್ಕೂವರೆ ಸಾವಿರ, ಕಂತಿನ ವ್ಯತ್ಯಾಸ ಹತ್ತು ಸಾವಿರದ ಮೇಲೆ. ನಾನು ಒಂದು ತಿಂಗಳು ಬ್ಯಾಟರಿಯ ಆಯುಷ್ಯ ವಿಚಾರಿಸುತ್ತ ಓಡಾಡಿದ್ದೆ. ಕೇಳಬೇಕಿದ್ದದ್ದು ನಾನು ಬರೆಯುವ ಪತ್ರಿಕೆಯ ಆಯುಷ್ಯವನ್ನು. ಅದು ಎದುರಿಗೇ ಇತ್ತು, ದಿನಾ ಬೆಳಗ್ಗೆ ಗಾಡಿಯಿಂದ ಇಳಿಯುತ್ತಿತ್ತು.

‘ಪೇಪರ್ ಹೋದ್ರ ಬ್ಯಾರೆ ಲೈನ್ ಹಿಡಿಯೂಣು, ಹಾಲು ಐತಿ, ಕೊರಿಯರ್ ಐತಿ’ ಎಂದ ಅಪ್ಪ. ತಪ್ಪಲ್ಲ. ಆನ್‌ಲೈನ್ ಪಾರ್ಸೆಲ್ ನಮ್ಮ ಹಳ್ಳಿಗೂ ಬರುತ್ತಿದೆ. ಆದರೆ ಆ ಲೈನು ಕೈಗೆ ಬಂದ ಮೇಲೆ ಅದರ ದಾರಿ ಎಷ್ಟು, ಹೊತ್ತು ಯಾವುದು, ಭಾರ ಎಷ್ಟು ಎಂದು ನೋಡಿ ಗಾಡಿ ಆರಿಸಬೇಕೇ ಹೊರತು, ಗಾಡಿ ತಂದು ನಿಲ್ಲಿಸಿ ಲೈನು ಹುಡುಕುವುದಲ್ಲ. 2006ರಲ್ಲಿ ಅಪ್ಪನಿಗೆ ಬಾಡಿಗೆ ಮೊದಲು ಕಂಡಿತ್ತು, ಗಾಡಿ ಆಮೇಲೆ ಬಂತು. ಇದನ್ನು ಹೇಳಿದ್ದಕ್ಕೆ ಅಪ್ಪ ಮೂರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ, ಶೋರೂಮಿಗೆ ಗುಟ್ಟಾಗಿ 5,000 ಮುಂಗಡ ಕೊಟ್ಟ ರಸೀದಿಯನ್ನು ಅಂಗಿಯ ಕಿಸೆಯಿಂದ ತೆಗೆದು ಟೀವಿ ಮೇಲಿಟ್ಟು ಹೋದ. ವಾಪಸ್ ಇಸಕೊಂಡು ಬಾ ಅಂತ ಅರ್ಥ.

ಎಂಜಿನ್ ಬಿಚ್ಚಿಸಿದ್ದೇವೆ. ಬೋರು, ಪಿಸ್ಟನ್, ಕೂಲಿ ಸೇರಿ 62,000 ಎಂದಿದ್ದಾನೆ. ಅದರಲ್ಲಿ ಎರಡು ವರ್ಷ ತಳ್ಳುವುದು, ಅಷ್ಟರಲ್ಲಿ ಹಾವೇರಿಯಲ್ಲೇ ಒಂದು ಲ್ಯಾಪ್‌ಟಾಪ್ ಬರುತ್ತದೋ ನೋಡುವುದು. ತಮ್ಮ ಸದ್ಯ ಪಕ್ಕದೂರಿನವರ ಗಾಡಿಯನ್ನು ರಾತ್ರಿಗೆ ಬಾಡಿಗೆ ಹಿಡಿದು ಬಂಡಲ್ ಹೊರುತ್ತಿದ್ದಾನೆ. ಪ್ರತ್ಯೇಕ ಮೀಟರಿಗೆ ಮಾತ್ರ ಅರ್ಜಿ ಹಾಕಿದ್ದೇವೆ, ಅಪ್ಪನ ಹೆಸರಿನಲ್ಲಿ. ಜಾಗ ನೋಡಲು ಬಂದ ಲೈನ್‌ಮನ್ ಅಂಗಳದಲ್ಲಿ ನಿಂತು ಸುತ್ತ ನೋಡಿ ಗಾಡಿ ಎಲ್ಲಿ ಎಂದು ಕೇಳಿದ. ಬರತೈತಿ, ನೀ ಮೊದಲ ವೋಲ್ಟ್ ಸರಿಮಾಡು ಎಂದ ಅಪ್ಪ.